ಹಿಗ್ಗು

ಅಂಚೆಯವನು ಮೆಟ್ಟಿಲು ಹತ್ತುವುದು ಬಿಟ್ಟು ಮೂರು ವಾರ.
ಬೇಲಿಗೆ ಚೀಟಿ ಸಿಕ್ಕಿಸಿ ಹೋಗಿದ್ದ:
ರಿಪೇರಿ ಆಗುವವರೆಗೆ ಕಾಗದ ಇಲ್ಲ.
ಕಾಲೀನ್ ಪೆಟ್ರಾಶ್ ಅದನ್ನೇ ತೋರಿಸಿದಳು ನಮಗೆ,
ಶಾಲೆಯ ಬಸ್ಸು ಓಡಿಸುವವಳು,
ಇಂಜಿನ್ ಆರಿಸದೆ, ಕಿಟಕಿಯಿಂದಲೇ.

ಥಂಡರ್ ಬೇ. ಅಕ್ಟೋಬರದ ಕೊನೆ.
ಸರೋವರದ ಕಡೆಯಿಂದ ಕೊರೆಯುವ ಗಾಳಿ.
ಮನೆ ಸಾವಿರದ ಒಂಬೈನೂರ ಇಪ್ಪತ್ತೊಂದರದ್ದು,
ಮೆಟ್ಟಿಲು ಅದರ ಒಡಹುಟ್ಟು.
ಈಗ ಎರಡರ ನಡುವೆ
ನನ್ನ ಅಂಗೈ ತೂರುವಷ್ಟು ಮುನಿಸು.
ತೇಪೆ ಹಾಕಿದರೆ ಆಗದಾ, ಕೇಳಿದಳು.
ಟೌನೋ ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ತಟ್ಟಿದ.
ಡೊಳ್ಳಿನ ಸದ್ದು.
"ತೇಪೆ ಅಂಗಿಗಾದರೆ ಸರಿ."

ಇಲ್ಲಿಯ ನೀರಿಗೊಂದು ದುರಭ್ಯಾಸ.
ಉಳಿದದ್ದೆಲ್ಲ ಚಳಿಗೆ ಕುಗ್ಗಿದರೆ
ಇದು ಹಿಗ್ಗುತ್ತದೆ.
ಬಿರುಕಿನಲ್ಲಿ ಕೂತು, ಯಾರದೋ ಮದುವೆಗೆ ಬಂದ ಹಾಗೆ
ಮೊಣಕೈ ಅಗಲಿಸಿ ಹಿಗ್ಗುತ್ತದೆ.
ಏಪ್ರಿಲ್‌ನಲ್ಲಿ ಏನೂ ಅರಿಯದಂತೆ ಹರಿದುಹೋಗುತ್ತದೆ.
ನೂರು ಚಳಿಗಾಲ, ನೂರು ಹಿಗ್ಗು,
ಒಂದೊಂದಕ್ಕೆ ಒಂದೊಂದು ಕೂದಲೆಳೆ.

ಒಡೆದಾಗ ಹೊಟ್ಟೆಯಲ್ಲಿ ಸಿಕ್ಕಿದ್ದು:
ಹೊಳೆಗುಂಡು, ಮಂಚದ ಸ್ಪ್ರಿಂಗು, ಕಬ್ಬಿಣದ ಒಲೆಯ ಮುಚ್ಚಳ,
ಎರಡು ಲಾಳ,
ಔಷಧದ ನೀಲಿ ಸೀಸೆ, ಬಿರಡೆ ಸಮೇತ.
ಸಿಮೆಂಟಿಗೆ ಕಾಸು ಸಾಲದೆ ಯಾವನೋ ಗಾರೆಯವ
ಅಟ್ಟ ಗುಡಿಸಿ ಸುರಿದಿದ್ದ.
ನಾನು ನಕ್ಕೆ. ಟೌನೋ ನಗಲಿಲ್ಲ.
"ಇವನದು ನೂರು ವರ್ಷ ನಿಂತಿತು.
ನಾವು ಬರೆದುಕೊಡೋದು ಐದು ವರ್ಷದ ಗ್ಯಾರಂಟಿ."
ಸೀಸೆಯನ್ನು ಜೇಬಿಗೆ ಹಾಕಿಕೊಂಡ.

ಅಗೆದೆವು, ಆಳೆತ್ತರ, ಮೇಲೊಂದು ಗೇಣು.
ಹಿಮಕ್ಕೆ ಇಳಿಯಲಾಗದ ಆಳ ಅಷ್ಟು.
ಅಲ್ಲಿಯ ಜೇಡಿಮಣ್ಣು
ಹಿಗ್ಗದೆ ಕುಗ್ಗದೆ ಕೂತಿತ್ತು,
ನಮ್ಮ ಊರಲ್ಲಿ ಯಾರಿಗೂ ಆಗದ ಕೆಲಸ.
ಅದರ ಮೇಲೆ ಪಾದ ಊರಿಸಿದೆವು.

ಕಾಂಕ್ರೀಟಿನ ಲಾರಿ ಒಂದು ಗಂಟೆ ತಡ.
ಟೌನೋ ಮೊದಲು ಕೇಳಿದ್ದು ಸಿಮೆಂಟು ಎಷ್ಟು ಅಂತಲ್ಲ,
ಗಾಳಿ ಎಷ್ಟು ಅಂತ.
ನೂರಕ್ಕೆ ಆರು ಪಾಲು, ಕಣ್ಣಿಗೆ ಕಾಣದ ಗುಳ್ಳೆ.
ನೀರು ಬಂದಾಗ, ಹಿಗ್ಗಿಕೋ ಹೋಗು,
ಎಂದು ಬಿಟ್ಟುಕೊಡುವ ಜಾಗ.
ಗಟ್ಟಿ ಅಂದರೆ ಒಂದಿಷ್ಟೂ ಟೊಳ್ಳಿರಬಾರದು
ಅಂದುಕೊಂಡಿದ್ದೆ ನಾನು
ಹತ್ತು ವರ್ಷ, ಒಬ್ಬ ಗಂಡನ ಜೊತೆ.

ಕರಣೆ ಆಡಿಸಿ ನಯ ಮಾಡಿದೆ,
ಪೊರಕೆ ಎಳೆದು ನಯ ಕೆಡಿಸಿದೆ.
ಬೂಟಿಗೆ ಹಿಡಿತ ಬೇಕಲ್ಲ.
ನಾಲ್ಕರ ಹೊತ್ತಿಗೆ ಮೋಡ ಸರಿದು ಆಕಾಶ ತಿಳಿಯಾಯಿತು.
ತಿಳಿ ಆಕಾಶ ಒಳ್ಳೆಯದಲ್ಲ.
ಸಿಮೆಂಟು ಹೆಪ್ಪಾಗುವ ಮೊದಲು
ನೀರು ಹೆಪ್ಪುಗಟ್ಟಬಾರದು.
ಮಾತು ಒಂದೇ,
ಒಂದು ಹೆಪ್ಪಿಗೆ ಕಲ್ಲು, ಇನ್ನೊಂದಕ್ಕೆ ಪುಡಿ.
ಇದ್ದ ಹೊದಿಕೆಗಳನ್ನೆಲ್ಲ ಹೊದಿಸಿ ಹೋದೆವು.

ರಾತ್ರಿ ಎರಡು. ನಿದ್ದೆ ಬರಲಿಲ್ಲ, ಟ್ರಕ್ಕು ತೆಗೆದೆ.
ಮೈನಸ್ ಒಂಬತ್ತು.
ಕಾಲೀನ್ ಆಗಲೇ ಹೊರಗಿದ್ದಳು, ಮನೆಯೊಳಗಿನ ಚಪ್ಪಲಿಯಲ್ಲಿ.
ನಮ್ಮ ಹೊದಿಕೆಯ ಮೇಲೆ ಅವಳ ರಜಾಯಿ, ಸೋಫಾದ ಮೆತ್ತೆ,
ಬಸ್ಸಿನಲ್ಲಿ ಮಕ್ಕಳು ಮರೆತುಹೋದ ಹದಿನಾರು ಕೋಟು.
"ಮುಟ್ಟಿ ನೋಡು."
ಕೈ ತೂರಿಸಿದೆ. ಬಿಸಿ.
ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಬಿಸಿ.
ಅವಳೂ ತೂರಿಸಿದಳು.
ಬಂದರಿನ ಕಡೆ ಗೋಧಿಯ ಗೂಡ್ಸು ಹೊರಳುವ ಸದ್ದು
ಮುಗಿಯುವ ತನಕ
ಇಬ್ಬರೂ ಕೈ ತೆಗೆಯಲಿಲ್ಲ.

ಹಲಗೆ ಬಿಚ್ಚಿದ ದಿನ ಟೌನೋ ಹೇಳಿದ್ದಿಷ್ಟು:
"ಈ ವರ್ಷ ಉಪ್ಪು ಬೇಡ, ಮರಳು ಎರಚು.
ಉಪ್ಪು ತಿಂದದ್ದು ನೀರು ಕುಡಿಯುತ್ತೆ.
ಕುಡಿದದ್ದು, ಗೊತ್ತಲ್ಲ."

ಎಂಟನೆಯ ದಿನ ಅಂಚೆಯವನು ಬಂದ.
ಮೊದಲ ಮೆಟ್ಟಿಲನ್ನು ಬೂಟಿನ ತುದಿಯಿಂದ ಒತ್ತಿ ನೋಡಿದ,
ಎರಡನೆಯದನ್ನೂ.
ಮೂರನೆಯದನ್ನು ನಂಬಿದ.
ಬಾಗಿಲ ಸೀಳಿನಲ್ಲಿ ಅವನು ಇಳಿಬಿಟ್ಟ ಮೊದಲ ಲಕೋಟೆ
ನಮ್ಮ ಬಿಲ್ಲು.