ಖಾಲಿ ಬೇರೆ, ಸೊನ್ನೆ ಬೇರೆ

ಸಾಗರ ಡಿಪೋದ ಹಿಂದಿನ ಕೋಣೆ. ಕಿಟಕಿ ಮುಚ್ಚಿದರೂ
ಡೀಸೆಲ್ ವಾಸನೆ ಬಾಗಿಲಿನಿಂದ ಬರುತ್ತದೆ.
ಮಾರ್ಚ್ ತಿಂಗಳ ಟಿಕೆಟ್ಟು ಒಂದು ಲಕ್ಷದ ಹನ್ನೆರಡು ಸಾವಿರ ಸಾಲು,
ಒಂದರ ಬೆನ್ನಿಗೊಂದು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ:
ತಾರೀಖು, ಟ್ರಿಪ್ಪು, ಹತ್ತಿದ್ದೆಲ್ಲಿ, ಇಳಿದದ್ದೆಲ್ಲಿ, ಕೊಟ್ಟದ್ದೆಷ್ಟು.

ಶಿವಮೊಗ್ಗದ ವಿಭಾಗ ಕಚೇರಿಗೆ ಹೀಗೆ ಬೇಡವಂತೆ.
ಸ್ಟೇಜುಗಳು ಅಡ್ಡಕ್ಕೆ, ತಾರೀಖು ಉದ್ದಕ್ಕೆ,
ನಡುವೆ ಮೊತ್ತ. ಐದರೊಳಗೆ ಫೈಲು.

ನಾನು ಮಗ್ಗದ ಮನೆಯವಳು.
ಹಾಸು ಯಾವುದು, ಹೊಕ್ಕು ಯಾವುದು, ಇಷ್ಟು ಹೇಳಿದರೆ ಸಾಕು.
ಕ್ವೆರಿ ಬರೆದೆ. ಹದಿನಾಲ್ಕು ಸೆಕೆಂಡು.
ನಿಂತೇ ಇದ್ದ ಮಾರ್ಚ್ ಮಗ್ಗುಲಾಗಿ ಮಲಗಿತು
ಮೂವತ್ತೊಂದು ಸಾಲಿನಲ್ಲಿ.

ಏಳೂ ಹತ್ತರ ಬಸ್ಸು, ಹೆಬ್ಬಸೆ ಕ್ರಾಸ್:
ಮೇಲಿಂದ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ, ಒಂದೆಡೆ ಖಾಲಿ, ಮತ್ತೆ ಸೊನ್ನೆ.
ಟೀ ಲೋಟ ಹಿಡಿದು ಹಿಂದಿನಿಂದ ಬಗ್ಗಿದರು ಕರಿಬಸಪ್ಪ.
"ಆದಾಯ ಇಲ್ಲದ ಸ್ಟೇಜು.
ಆ ಖಾಲಿ ಮನೆಗೂ ಒಂದು ಸೊನ್ನೆ ತುಂಬಮ್ಮ, ಚೆಂದ ಕಾಣ್ತದೆ.
ನಿಲುಗಡೆ ತೆಗೀತಾರೆ. ನಮಗೂ ಮೂರು ನಿಮಿಷ ಉಳೀತದೆ."

ತಡೀರಿ ಅಂದೆ.
ಖಾಲಿ ಅಂದರೆ ಅವತ್ತು ಅಲ್ಲಿ ಯಾರೂ ಹತ್ತಲಿಲ್ಲ.
ಸೊನ್ನೆ ಅಂದರೆ ಹತ್ತಿದ್ದಾಳೆ.
ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟು ಕಂಡಕ್ಟರು ಮುಂದೆ ಹೋಗಿದ್ದಾನೆ,
ಅವಳದನ್ನು ಬಳೆಸಂದಿಗೆ ಸಿಕ್ಕಿಸಿಕೊಂಡಿದ್ದಾಳೆ.
ಗಂಡಸರಿಗೆ ಬೈಕಿದೆ.

'ಮೊತ್ತ' ಅಳಿಸಿ 'ಎಣಿಕೆ' ಅಂತ ಬರೆದೆ.
ಇನ್ನೊಂದು ಹದಿನಾಲ್ಕು ಸೆಕೆಂಡು.
ಹೆಬ್ಬಸೆ ಕ್ರಾಸ್: ಒಂಬತ್ತು. ಹನ್ನೊಂದು. ಎಂಟು.
ಸಂತೆ ದಿನ ಇಪ್ಪತ್ತಾರು.
ಯುಗಾದಿಗೆ ಖಾಲಿ. ಅದು ಹಾಗೇ ಇರಲಿ,
ಒಂದು ದಿನವಾದರೂ ಮನೆಯಲ್ಲಿ ಕೂತಿದ್ದಾರೆ ಅಂತ ಅರ್ಥ;
ಕೂತರೋ, ಹೋಳಿಗೆ ತಟ್ಟಿದರೋ, ಕೋಷ್ಟಕ ಹೇಳುವುದಿಲ್ಲ.

ಫೈಲಿಗೆ ಇಳಿಸಿದೆ. ತೆರೆದರೆ
ಊರುಗಳೆಲ್ಲ ಪ್ರಶ್ನೆಚಿಹ್ನೆ.
?????? ?????
ಸ್ಟೇಜಿಗೆ ಸ್ಟೇಜೇ ನಾನೆಲ್ಲಿ ಅಂತ ಕೇಳುವ ಹಾಗೆ.
ಯುಟಿಎಫ್ ಎಂಟು ಆರಿಸಿ ಮತ್ತೆ ಇಳಿಸಿದೆ. ಕೊಂಬು, ಒತ್ತು ಎಲ್ಲ ವಾಪಸು.
ಒಂದು ಹೆಸರಿನ ನಡುವೆ ಅಲ್ಪವಿರಾಮವಿತ್ತು.
ಆ ಊರು ಎರಡು ಹೋಳಾಗಿ
ಪಕ್ಕದೂರಿನ ಲೆಕ್ಕದ ಮೇಲೆ ಬಿದ್ದಿತ್ತು;
ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ ಹೊಲಿದೆ.

ನಾಲ್ಕೂ ಐವತ್ತೆರಡು. ಕಳಿಸಿದೆ.
ಕರಿಬಸಪ್ಪನವರ ಟೀ ಆರಿತ್ತು. "ಇಪ್ಪತ್ತಾರಾ?" ಅಂದರು,
"ಅಷ್ಟು ಜನಕ್ಕೆ ಸೀಟು ಎಲ್ಲಿರ್ತದೆ ಅದರಲ್ಲಿ?"

ಅದಕ್ಕೆ ಬೇರೆ ಕೋಷ್ಟಕ ಬೇಕು ಸರ್.