ವಾಕ್ಯದಲ್ಲಿ ಬಳಸಿ

ಲಗ್ಗೆರೆಯ ಸಂಜೆ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದೆ:
ರೇಷನ್.
ಕೊರತೆಯಿದ್ದಾಗ ಅಳೆದು ಕೊಡುವ ಪಾಲು.
ಕ್ರಿಯಾಪದವೂ ಹೌದು, ಅಂದೆ.

ಹಿಂದಿನ ಬೆಂಚಿನಿಂದ ಸಾಕಮ್ಮ:
"ಅದು ಇಂಗ್ಲಿಷಾ ಮಿಸ್?
ನಮ್ದೇ ಅನ್ಕೊಂಡಿದ್ದೆ."

ಗಾರ್ಮೆಂಟ್ಸ್ ಸೂಜಿ ತಿಂದ ಹೆಬ್ಬೆಟ್ಟು ಅವಳದು,
ನ್ಯಾಯಬೆಲೆ ಅಂಗಡಿಯ ಮಿಷಿನ್ನು ಒಪ್ಪುವುದಿಲ್ಲ.
ಒಪ್ಪಿದ ದಿನ ಸರ್ವರ್ ಇಲ್ಲ,
ಸರ್ವರ್ ಬಂದ ದಿನ ರಾಗಿ ಇಲ್ಲ.

ವಾಕ್ಯದಲ್ಲಿ ಬಳಸಿ, ಅಂದೆ.
ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಬರೆದು ತಂದಳು:
"ಐದು ಹೆಣ್ಣಾದ ಮೇಲೆ ನಮ್ಮವ್ವ
ಹೆಣ್ಣನ್ನೂ ರೇಷನ್ ಮಾಡಿದಳು,
ಸಾಕು ಅಂತ ನನಗೇ ಹೆಸರಿಟ್ಟು."

ಕೆಂಪು ಪೆನ್ನಿನ ಮುಚ್ಚಳ ತೆಗೆದವಳು
ಹಾಗೇ ಕೂತೆ.
ಅವಳು ಟಿಕ್ ಮಾರ್ಕಿಗೆ ಕಾಯುತ್ತ ನಿಂತಿದ್ದಳು,
ಎರಡೂ ಕೈಯಲ್ಲಿ
ಚೀಲದ ಬಾಯಿ ಅಗಲಿಸಿ ಹಿಡಿದವಳ ಹಾಗೆ.