ಮುಕೂವಾನ ಉಸಿರು

ಅಪ್ಪನಿಗೆ ಸಂಬಳ ಕೊಡುತ್ತಿದ್ದುದು
ಒಂದು ಎತ್ತನ್ನು ನೆಲದೊಳಗೆ ಇಳಿಸುವುದಕ್ಕೆ.

ಜಾಂಬೆಜಿ ಕಣಿವೆ, ಅಕ್ಟೋಬರ್. ಮೊಪಾನೆ ಮರಗಳು
ಇದ್ದಷ್ಟು ಎಲೆಯನ್ನೂ ಬಿಸಿಲಿಗೆ ಮಡಚಿಕೊಂಡು ನಿಂತಿವೆ.
ಬಯಲ ನಡುವೆ ಹಲಗೆ ಮುಚ್ಚಿದ ಗುಂಡಿ,
ಇಳಿಜಾರು ದಾರಿ, ತಗಡಿನ ಕೊಳವೆ, ಒಂದು ಫ್ಯಾನು.
ಎತ್ತಿನ ಹೆಸರು ಮುಕೂವಾ, ನಮ್ಮ ಟೋಂಗಾದಲ್ಲಿ ಬಿಳಿಯ ಎಂದು.
ಮೈಬಣ್ಣಕ್ಕೆ ಇಟ್ಟದ್ದು, ಅನ್ನುತ್ತಿದ್ದ ಅಪ್ಪ
ಆಫೀಸಿನವರು ಕೇಳಿದಾಗ.

ಒಳಗೆ ಮುಕೂವಾ ಮೆಲುಕು ಹಾಕುತ್ತದೆ.
ಮೇಲೆ ಕೊಳವೆಯ ಬಾಯಲ್ಲಿ ಏನೂ ಕಾಣುವುದಿಲ್ಲ.
ಎತ್ತಿಲ್ಲದ ಎತ್ತಿನ ಉಸಿರು
ಹುಲ್ಲಿನ ಮೇಲೆ ಹೊರಡುತ್ತದೆ.

ವಾಸನೆ ಹಗ್ಗವಲ್ಲ, ಹಿಡಿದು ನಡೆಯಲಿಕ್ಕೆ.
ಹರಿದ ಬಟ್ಟೆ. ಒಂದು ಚಿಂದಿ ಇಲ್ಲಿ,
ಇನ್ನೊಂದು ಅಲ್ಲೆಲ್ಲೋ ಮುಳ್ಳುಕಂಟಿಯಲ್ಲಿ.
ಕಾಂಡದ ನೆರಳಲ್ಲಿ ಕೂತ ತ್ಸೆತ್ಸೆ ನೊಣಕ್ಕೆ
ಒಂದು ಚಿಂದಿ ಮೀಸೆಗೆ ತಾಗಿದರೆ ಸಾಕು,
ಗಾಳಿಗೆದುರಾಗಿ ಏಳುತ್ತದೆ.
ತಪ್ಪಿತೋ, ತಿರುಗುತ್ತದೆ. ಸಿಕ್ಕಿತೋ, ಮತ್ತೆ ಎದುರು.
ಕತ್ತಲಲ್ಲಿ ನಾನು ಬಾಗಿಲ ಚಿಲಕ ಹುಡುಕುವುದೂ ಹೀಗೆಯೇ.

ಗಂಡುಗಳೂ ಬರುತ್ತವೆ, ಹೊಟ್ಟೆ ಹಸಿಯದವು.
ರಕ್ತ ಬೇಡ ಅವಕ್ಕೆ. ಹಸಿದ ಹೆಣ್ಣು ಎಲ್ಲಿಗೆ ಬಂದೀತೋ
ಅಲ್ಲಿಗೆ ಮೊದಲೇ ಹೋಗಿ ಕಾಯುವುದು.
"ನಿನ್ನಪ್ಪ ಮಾಡಿದ್ದೂ ಅದನ್ನೇ," ಅನ್ನುತ್ತಾಳೆ ಅಮ್ಮ ಲ್ವೇಂಡೋ,
"ಬಿಂಗಾದ ಹಿಟ್ಟಿನ ಗಿರಣಿಯ ಮುಂದೆ ಮೂರು ಶನಿವಾರ,
ಬೀಸಲಿಕ್ಕೆ ಒಂದು ಹಿಡಿ ಜೋಳವೂ ಇಲ್ಲದೆ."

ಒಂದು ದಿನ ಡಾಕ್ಟರ್ ಮುಟಂಬಿರ್ವಾ ಹೇಳಿದರು,
ಇವತ್ತು ಮುನ್ಸಾಕಾನೂ ಎತ್ತಿನ ಜೊತೆ ಒಳಗೆ ಕೂರಲಿ.
ನೋಟ್‌ಬುಕ್ಕಿನಲ್ಲಿದೆ, ನನ್ನದೇ ಅಕ್ಷರ, ಎಣಿಸಿದವಳು ನಾನು:
ಎತ್ತು ಮಾತ್ರ, ಇನ್ನೂರ ಹದಿನೇಳು.
ಎತ್ತು ಮತ್ತು ಅಪ್ಪ, ಮೂವತ್ತೊಂಬತ್ತು.

ಮನುಷ್ಯನ ಬೆವರು ಬೆರೆತರೆ ನೊಣ ಅರ್ಧ ದಾರಿಗೇ ಹಿಂದೆ ಸರಿಯುತ್ತದೆ.
ಎಷ್ಟು ತಲೆಮಾರು ಹೊಡೆದ ಕೈಗಳ ನೆನಪೋ.
ಅಪ್ಪ ಆ ರಾತ್ರಿ ಎರಡು ಸಲ ಮಿಂದ.
ಮರುದಿನ ನಲವತ್ತೊಂದು.
ಅಮ್ಮ ಅವನ ಕತ್ತಿನ ಬುಡದಲ್ಲಿ ಮೂಗಿಟ್ಟು ನೋಡಿ,
"ಇದೆ," ಅಂದಳು, "ಎಲ್ಲಿಗೆ ಹೋಗುತ್ತೆ?"

ಆಮೇಲೆ ಬಂದವು ಸೀಸೆಗಳು.
ಮುಕೂವಾನ ಉಸಿರನ್ನು ಬಿಡಿಸಿ, ಹೆಸರಿಟ್ಟು, ತುಂಬಿದ್ದರು.
ಒಂದರಲ್ಲಿ ಅಸಿಟೋನ್, ಒಂದರಲ್ಲಿ ಹಳಸಿದ ಗಂಜಲ,
ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಹನಿ, ಅಣಬೆಯ ವಾಸನೆಯದು.
ಮೇಲೊಂದು ನೀಲಿ ಬಟ್ಟೆ, ಕಪ್ಪು ಬಟ್ಟೆ, ಒಳಗೆ ಹೊಕ್ಕರೆ ಮುಗಿಯಿತು.
ನೊಣದ ಮೂಗಿಗೆ ತುಪ್ಪ ಸವರುವುದೆಂದರೆ ಇಷ್ಟೆ.
ತುಪ್ಪವಲ್ಲ, ಉಚ್ಚೆ.

ಆ ಮಳೆಗಾಲ ನಮ್ಮ ಕಡೆಯ ಕರುಗಳು ಬಡಕಲಾಗಿ ಕುಸಿದು ಸಾಯಲಿಲ್ಲ.
ಇದನ್ನು ಮೊದಲೇ ಹೇಳಬೇಕಿತ್ತು.

ಅಪ್ಪ ಒಂದು ಸೀಸೆಯ ಬಿರಡೆ ತೆಗೆದು ಮೂಸಿದ.
ಮುಚ್ಚಿ, ಕೈಯನ್ನು ಅಂಗಿಗೆ ಒರೆಸಿಕೊಂಡು,
ಮತ್ತೆ ತೆಗೆದು ಮೂಸಿದ.
"ಇದು ಮುಕೂವಾ ಅಲ್ಲ."
"ನೊಣಕ್ಕೆ ಇಷ್ಟು ಸಾಕು ಮುನ್ಸಾಕಾ," ಅಂದರು ಡಾಕ್ಟರ್.
ಅಪ್ಪ ತಲೆಯಾಡಿಸಿದ. ಸಾಕು ಹೌದು, ನೊಣಕ್ಕೆ.

ಗುಂಡಿಗೆ ಈಗ ಕೆಲಸವಿಲ್ಲ. ಫ್ಯಾನು ಬಿಚ್ಚಿಕೊಂಡು ಹೋದರು.
ಮುದಿ ಮುಕೂವಾ ಮಾತ್ರ ಬೆಳಿಗ್ಗೆ ಆರಕ್ಕೆ
ಯಾರೂ ಕರೆಯದೆ ಇಳಿಜಾರು ಇಳಿದು
ತನ್ನ ಜಾಗದಲ್ಲಿ ನಿಲ್ಲುತ್ತದೆ.
ಹಲಗೆಯ ಸಂದಿಯಿಂದ ಉಸಿರು ತಾನೇ ದಾರಿ ಮಾಡಿಕೊಳ್ಳುತ್ತದೆ.

ನಿನ್ನೆ ಒಂದು ನೊಣ, ಸೀಸೆಗಳ ಸಾಲನ್ನೆಲ್ಲ ದಾಟಿ ಬಂದದ್ದು,
ಕೊಳವೆಯ ತುಕ್ಕು ಬಾಯಂಚಿನಲ್ಲಿ ಕೂತಿತ್ತು,
ರೆಕ್ಕೆಯ ಮೇಲೆ ರೆಕ್ಕೆ ಮಡಚಿಕೊಂಡು, ಕತ್ತರಿಯಂತೆ.
ನಾನು ಅದನ್ನು ಬರೆದುಕೊಳ್ಳಲಿಲ್ಲ.